ಅಶ್ವದ ಆಯಾಸ, ಆರೋಹಿಯ ಧರ್ಮ

ದೂರದ ಸವಾರಿಯಲ್ಲಿ ಗೆದ್ದವನಾರು ಎಂಬುದಕ್ಕಿಂತ, ಕುದುರೆಯು ಯಾವ ಸ್ಥಿತಿಯಲ್ಲಿ ಗುರಿಯನ್ನು ಮುಟ್ಟಿತು ಎಂಬ ಪ್ರಶ್ನೆಯೇ ನನಗೆ ಹಿರಿದಾಗಿ ತೋರುತ್ತದೆ. ಅಮೆರಿಕೆಯ ಕ್ಯಾಲಿಫೋರ್ನಿಯಾ ಪ್ರಾಂತದಲ್ಲಿ ವೆಂಡೆಲ್ ರೋಬಿ ಎಂಬವರು 1955ರಲ್ಲಿ ಆರಂಭಿಸಿದ ಟೆವಿಸ್ ಕಪ್ ಸವಾರಿಯಲ್ಲಿ ಸಿಯೆರಾ ನೆವಾಡಾ ಪರ್ವತಗಳನ್ನು ದಾಟಿ 100 ಮೈಲಿಗಳನ್ನು 24 ಘಂಟೆಗಳೊಳಗೆ ಕ್ರಮಿಸಬೇಕು. ದಾರಿಯ ತಂಗುದಾಣಗಳಲ್ಲಿ ಪಶುವೈದ್ಯರು ಕುದುರೆಯ ನಾಡಿಯನ್ನೆಣಿಸಿ, ವಸಡನ್ನು ನೋಡಿ, ಕರುಳಿನ ಸದ್ದನ್ನಾಲಿಸಿ, ಓಡಿಸಿದಾಗ ಕುಂಟುವುದೇ ಎಂದು ಪರೀಕ್ಷಿಸುವರು. ಅಶಕ್ತವಾದುದನ್ನು ಅಲ್ಲಿಯೇ ತಡೆಯುವರು.

ಆದರೆ ಎರಡು ತಂಗುದಾಣಗಳ ನಡುವೆ ವೈದ್ಯನಿಲ್ಲ; ಸವಾರನೊಬ್ಬನೇ. ಕುದುರೆಯು ಹಿಂಡಿನ ಪ್ರಾಣಿ. ಮುಂದೆ ಹೋಗುವ ಕುದುರೆಗಳನ್ನು ಕಂಡರೆ ದಣಿವನ್ನು ಮರೆತು ಹಿಂಬಾಲಿಸುವುದು. ಆದುದರಿಂದ ‘ಅದು ತಾನಾಗಿಯೇ ಓಡಿತು’ ಎಂಬ ಸಮಾಧಾನವು ಸವಾರನಿಗೆ ಸಲ್ಲದು.

ದ್ರೋಣಪರ್ವವನ್ನು ಪಾಠ ಹೇಳುವಾಗಲೆಲ್ಲ ನಾನು ಒಂದು ಸಂದರ್ಭದಲ್ಲಿ ತಡೆದು ನಿಲ್ಲುತ್ತಿದ್ದೆನು. ಸೂರ್ಯಾಸ್ತದೊಳಗೆ ಜಯದ್ರಥನನ್ನು ಕೊಲ್ಲದಿದ್ದರೆ ಅಗ್ನಿಪ್ರವೇಶವೆಂದು ಅರ್ಜುನನ ಪ್ರತಿಜ್ಞೆ. ಆದರೂ ಕುದುರೆಗಳು ಬಳಲಿದುವೆಂದು ರಣಮಧ್ಯದಲ್ಲಿಯೇ ರಥವು ನಿಂತಿತು. ಶ್ರೀಕೃಷ್ಣನು ಅವುಗಳನ್ನು ನೊಗದಿಂದ ಬಿಡಿಸಿ, ನಾಟಿದ ಬಾಣಗಳನ್ನು ಕಿತ್ತು, ಮೈಯುಜ್ಜಿ, ನೀರು ಕುಡಿಸಿದನು. ಒಂದೊಂದು ಘಳಿಗೆಯೂ ಅಮೂಲ್ಯವಾಗಿದ್ದಾಗಲೇ ಆ ವಿರಾಮವು ಕರ್ತವ್ಯವಾಯಿತು.

ಟೆವಿಸ್ ಸವಾರರಲ್ಲಿಯೂ ಕಡಿದಾದ ಕಣಿವೆಗಳಲ್ಲಿ ಇಳಿದು ನಡೆಯುವವರುಂಟು. ವೈದ್ಯರು ಬಿಟ್ಟರೂ ತಾವಾಗಿಯೇ ಸವಾರಿಯನ್ನು ನಿಲ್ಲಿಸುವವರುಂಟು. ಮೊದಲು ಮುಟ್ಟಿದ 10 ಕುದುರೆಗಳಲ್ಲಿ ಅತ್ಯುತ್ತಮ ಸ್ಥಿತಿಯಲ್ಲಿರುವುದಕ್ಕೆ ಹ್ಯಾಗಿನ್ ಕಪ್ ಸಲ್ಲುವುದು. ನಡುದಾರಿಯಲ್ಲಿ ನಿಂತವನಿಗಾದರೋ ಯಾವ ಬಹುಮಾನವೂ ಇಲ್ಲ. ಬಹುಕಾಲದ ಶ್ರಮವನ್ನು ಬಿಟ್ಟುಕೊಟ್ಟು, ಲಗಾಮು ಹಿಡಿದು ಕುದುರೆಯನ್ನು ಮೆಲ್ಲನೆ ನಡೆಸಿಕೊಂಡು ಹಿಂದಿರುಗುವ ಆತನನ್ನೇ ನಾನು ನಿಜವಾದ ಅಶ್ವಾರೋಹಿಯೆಂದು ಎಣಿಸುತ್ತೇನೆ.