ಗವಸಣಿಗೆ

ಕನ್ನಡ ಎಂ.ಎ. ಮಾಡಿದವನು ಬಡಗಿಯ ಮುಂದೆ ನಿಂತು ಮಾತನಾಡುವುದು ಸುಲಭವಲ್ಲ. ಕಳೆದ ದೀಪಾವಳಿಯ ರಜೆಯಲ್ಲಿ ಚೌಳಹಿರಿಯೂರಿನ ನಮ್ಮ ಮನೆಯ ಜಗಲಿಯ ಮೇಲೆ ಕುಳಿತು ನಾನು ಆಚಾರ್ರಿಗೆ, "ಅಮ್ಮನ ಹೊಲಿಗೆಯ ಯಂತ್ರಕ್ಕೆ ಒಂದು ಒಳ್ಳೆಯ ಗವಸಣಿಗೆ ಆಗಬೇಕಲ್ಲ" ಎಂದೆ. ಅವರು ಕಿವಿಗೆ ಸಿಕ್ಕಿಸಿದ್ದ ಪೆನ್ಸಿಲನ್ನು ತೆಗೆದು, ನೋಡಿ, ಮತ್ತೆ ಕಿವಿಗೇ ಸಿಕ್ಕಿಸಿಕೊಂಡು, "ಹಂಗಂದ್ರೆ ಏನು ಮೇಷ್ಟ್ರೇ?" ಎಂದರು.

"ಪೆಟ್ಟಿಗೆ" ಎಂದೆ.

"ಪೆಟ್ಟಿಗೆ ಅನ್ನಿ ಮತ್ತೆ!"

ಗವಸಣಿಗೆ ಹಳೆಯ ಮಾತು. ಅದರ ತಮ್ಮನಾದ ಗವಸು ಮಾತ್ರ ದಿಂಬನ್ನೂ ಕೈಯನ್ನೂ ಆಶ್ರಯಿಸಿಕೊಂಡು ಇನ್ನೂ ಬದುಕಿದೆ. ನಮ್ಮ ಹಿರಿಯರು ಬೆಲೆಯುಳ್ಳ ವಸ್ತುವನ್ನು ಬರಿಮೈಯಲ್ಲಿ ಇಟ್ಟವರಲ್ಲ. ಕತ್ತಿಗೆ ಒರೆ, ಇಷ್ಟಲಿಂಗಕ್ಕೆ ಕರಡಿಗೆ, ತಾಳೆಗರಿಯ ಗ್ರಂಥಕ್ಕೆ ಮೇಲೊಂದು ಕೆಳಗೊಂದು ಮರದ ಹಲಗೆ. ಹೊಲಿಗೆಯ ಯಂತ್ರದ ಹೊದಿಕೆಗೆ ಮಾತ್ರ ಬೇರೊಂದು ಹೆಸರು ಹುಟ್ಟಲಿಲ್ಲ. ಅದು ಹಡಗನ್ನೇರಿ ಬರುವಾಗಲೇ ತನ್ನ ಮುಚ್ಚಳವನ್ನು ತಾನೇ ಹೊತ್ತುಕೊಂಡು ಬಂದಿತ್ತು. ಹೆಸರಿಡುವ ಶ್ರಮವನ್ನು ನಮಗೆ ಕೊಡಲಿಲ್ಲ.

ಅಮ್ಮನ ಯಂತ್ರ ತವರಿನಿಂದ ಬಂದದ್ದು. ಅಜ್ಜಿ ಅದನ್ನು ಬೀರೂರಿನಲ್ಲಿ ಯಾರಿಂದಲೋ ಹಳೆಯದಾಗಿಯೇ ಕೊಂಡಿದ್ದಳಂತೆ. ಕೈಯಿಂದ ತಿರುಗಿಸುವ ಸಿಂಗರ್ ಯಂತ್ರ. ಎಳೆಯ ವಯಸ್ಸಿನಲ್ಲಿ ಅದು ಸಿಂಗಾರದ ಯಂತ್ರವೆಂದೇ ನಾನು ನಂಬಿದ್ದೆ. ನಂಬಿಕೆಗೆ ಆಧಾರವೂ ಇತ್ತು. ಕಪ್ಪು ಮೈಯ ತುಂಬ ಹೊಂಬಣ್ಣದ ಬಳ್ಳಿ. ನಡುವೆ ಹೆಣ್ಣಿನ ಮುಖವೂ ಸಿಂಹದ ಮೈಯೂ ಉಳ್ಳ ಒಂದು ಪ್ರಾಣಿ. ಅದು ಈಜಿಪ್ಟಿನ ಸ್ಫಿಂಕ್ಸ್ ಎಂದು ನನಗೆ ತಿಳಿದದ್ದು ಕಾಲೇಜು ಮೆಟ್ಟಿಲು ಹತ್ತಿದ ಮೇಲೆ. ಅಮ್ಮನಿಗೆ ಈಗಲೂ ತಿಳಿಯದು. ಆಯುಧಪೂಜೆಯ ದಿನ ಆ ಪ್ರಾಣಿಯ ಹಣೆಗೆ ಕುಂಕುಮವಿಟ್ಟು ಇಟ್ಟು ಈಗ ಅಲ್ಲಿ ಹೊನ್ನೂ ಇಲ್ಲ, ಹಣೆಯೂ ಇಲ್ಲ.

ಸಿಂಗರನೆಂಬ ಅಮೆರಿಕದವನು ತನ್ನ ಯಂತ್ರಕ್ಕೆ ಪೇಟೆಂಟ್ ಪಡೆದದ್ದು 1851ರಲ್ಲಿ. ಯಂತ್ರಗಳೆಂದರೆ ಹುಬ್ಬುಗಂಟಿಕ್ಕುತ್ತಿದ್ದ ಗಾಂಧೀಜಿ ಕೂಡ 1924ರಲ್ಲಿ ಒಂದು ಸಂದರ್ಶನದಲ್ಲಿ ಇದಕ್ಕೆ ಮಾತ್ರ ವಿನಾಯಿತಿ ಕೊಟ್ಟರು. ಹೆಂಡತಿ ಕೈಹೊಲಿಗೆಯಲ್ಲಿ ದಣಿಯುವುದನ್ನು ಕಂಡು ಮರುಗಿ ಸಿಂಗರನು ಅದನ್ನು ರಚಿಸಿದನೆಂದು ಅವರ ಭಾವನೆ. ನಿಜವಾದ ಸಿಂಗರನ ಸಂಸಾರದ, ಅಲ್ಲ, ಸಂಸಾರಗಳ ಕಥೆಯನ್ನು ಓದಿದವರಿಗೆ ಆ ಮರುಕದಲ್ಲಿ ಅಷ್ಟಾಗಿ ವಿಶ್ವಾಸ ಹುಟ್ಟದು. ಹೋಗಲಿ. ನಮ್ಮ ಯಂತ್ರ ತಯಾರಾದದ್ದು ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕಿನಲ್ಲಿ. ಪೀಠದ ಮೇಲಿನ ಸಂಖ್ಯೆಯ ಮುಂದಿರುವ ಅಕ್ಷರಗಳಿಂದ ಅಷ್ಟನ್ನು ಕಂಡುಕೊಂಡೆ. ಆ ಕಾರ್ಖಾನೆ 1980ರಲ್ಲಿ ಬಾಗಿಲು ಮುಚ್ಚಿತು. ಅದರ ಕೂಸು ಚೌಳಹಿರಿಯೂರಿನಲ್ಲಿ ಇಂದಿಗೂ ರವಿಕೆ ಹೊಲಿಯುತ್ತಿದೆ.

ಮುಚ್ಚಳದ ಮಾತಿಗೆ ಬರುತ್ತೇನೆ. ಅದು ಕಮಾನಿನಂತೆ ಬಾಗಿದ ಮರದ ಮುಚ್ಚಳ. ಒಂದು ಕೊನೆಯಲ್ಲಿ ನಾಲಗೆ, ಅದು ಪೀಠದ ಸಂದಿಗೆ ಹೋಗಿ ಕೂರಬೇಕು. ಇನ್ನೊಂದು ಕೊನೆಯಲ್ಲಿ ಬೀಗ. ನೆತ್ತಿಯ ಮೇಲೆ ಎತ್ತಿಕೊಳ್ಳಲು ಹಿಡಿ. ಇಡೀ ಹಲಗೆಯನ್ನು ಹಾಗೆ ಬಗ್ಗಿಸಲಾಗದು. ಎಲೆಯಂತೆ ತೆಳ್ಳಗೆ ಸೀಳಿದ ಮರದ ಪದರಗಳನ್ನು ಒಂದರ ಮೇಲೊಂದು ಅಂಟಿಸಿ, ಅಚ್ಚಿನ ಮೇಲೆ ಒತ್ತಿ ಬಾಗಿಸುತ್ತಿದ್ದರು. ಅಂಟು ಎಂದರೆ ಆಗ ಚರ್ಮವನ್ನೂ ಮೂಳೆಯನ್ನೂ ಕುದಿಸಿ ತೆಗೆದದ್ದು. ಒಣಗಿದರೆ ಕಲ್ಲು, ನೆನೆದರೆ ಗಂಜಿ.

ಈ ರಸಾಯನಶಾಸ್ತ್ರವನ್ನು ನಾನು ಒಂಬತ್ತನೆಯ ವಯಸ್ಸಿನಲ್ಲಿಯೇ ಪ್ರಯೋಗದಿಂದ ಕಂಡುಕೊಂಡವನು. 1998ರ ಬೇಸಗೆ. ಯಾರೋ ಅವಸರದ ರವಿಕೆಗೆಂದು ಬಂದಿದ್ದರು. ಅಮ್ಮ ಮುಚ್ಚಳವನ್ನು ತೆಗೆದು ಗೋಡೆಗೆ ಒರಗಿಸಿದ್ದಳು. ಮಗುಚಿ ಇಟ್ಟಾಗ ಅದು ದೋಣಿಯಲ್ಲದೆ ಬೇರೇನೂ ಆಗಿ ಕಾಣಲಿಲ್ಲ. ನಾನೂ ನನ್ನ ದೊಡ್ಡಪ್ಪನ ಮಗನೂ ಅದನ್ನು ತೆಂಗಿನ ತೋಟದ ಸಿಮೆಂಟಿನ ತೊಟ್ಟಿಗೆ ಒಯ್ದೆವು. ನಾಯಿಮರಿಯೊಂದನ್ನು ನಾವಿಕನನ್ನಾಗಿ ನೇಮಿಸಿದೆವು. ದೋಣಿ ತೇಲಿತು, ಬೀಗದ ಕಿಂಡಿಯಿಂದ ನೀರು ಬರುವವರೆಗೆ ಚೆನ್ನಾಗಿಯೇ ತೇಲಿತು. ನಾವಿಕನು ಈಜಿ ಪಾರಾದನು. ಅಷ್ಟರಲ್ಲಿ ಊಟಕ್ಕೆ ಕರೆ ಬಂತು, ದೋಣಿ ಮರೆತುಹೋಯಿತು. ಮರುದಿನ ಬೆಳಗ್ಗೆ ಹೋಗಿ ನೋಡಿದರೆ ಕಡೂರಿನ ಸಂತೆಯ ಈರುಳ್ಳಿಯ ಹಾಗೆ ಪದರ ಪದರವಾಗಿ ಬಿಚ್ಚಿಕೊಂಡಿತ್ತು.

ಅಮ್ಮ ಹೊಡೆಯಲಿಲ್ಲ. ಪದರಗಳನ್ನು ಬಿಸಿಲಿಗೆ ಹರಡಿದಳು. ಒಣಗಿದ ಮೇಲೆ ಅವು ಒಂದೊಂದು ಒಂದೊಂದು ದಿಕ್ಕಿಗೆ ಸೊಟ್ಟಗಾದವು. ನಾಲ್ಕು ದಿನದ ತರುವಾಯ ಅವು ನೀರೊಲೆಗೆ ಹೋದವು. ಬೀಗವನ್ನು ಮಾತ್ರ ಕಿತ್ತು ತೆಗೆದಿಟ್ಟುಕೊಂಡಳು. ಆಮೇಲೆ ಹಳೆಯ ಸೀರೆಯ ತುಂಡುಗಳನ್ನೂ ರವಿಕೆಯ ಕತ್ತರಿಕೆಗಳನ್ನೂ ಪದರವಾಗಿ ಸೇರಿಸಿ, ಕೌದಿಯ ಹಾಗೆ ಉದ್ದುದ್ದಕ್ಕೆ ದಾರವೋಡಿಸಿ, ಯಂತ್ರಕ್ಕೊಂದು ಟೊಪ್ಪಿಗೆ ಹೊಲಿದಳು. ಅದು ಊರಿನ ಸಣ್ಣದೊಂದು ಇತಿಹಾಸವೆನ್ನಬಹುದು. ಯಾರ ಮದುವೆಯ ರವಿಕೆ ಯಾವ ಚೌಕದಲ್ಲಿದೆಯೆಂದು ಅಮ್ಮ ಇಂದಿಗೂ ತೋರಿಸಬಲ್ಲಳು.

ಅಂದಿನಿಂದ ನನ್ನ ಮನಸ್ಸಿನಲ್ಲಿ ಒಂದು ಸಾಲ ಉಳಿದಿತ್ತು. ಎರಡು ವರ್ಷದ ಹಿಂದೆ ಜಾಹೀರಾತು ನೋಡಿ ಪ್ಲಾಸ್ಟಿಕ್ಕಿನ ಜಿಪ್ಪಿನ ಕವರೊಂದನ್ನು ತರಿಸಿದೆ. ಮಳೆಗಾಲದಲ್ಲಿ ಅದರ ಒಳಮೈ ಬೆವೆತು ಸೂಜಿಗೆ ತುಕ್ಕು ಹಿಡಿಯಿತು. ಅಮ್ಮ ಅದನ್ನು ಮಿಕ್ಸಿಗೆ ತೊಡಿಸಿದಳು. ಈಚೆಗೆ ಅವಳು ವರ್ಷದಲ್ಲಿ ಆರು ತಿಂಗಳು ಕಡೂರಿನ ನಮ್ಮ ಮನೆಯಲ್ಲಿಯೂ ಆರು ತಿಂಗಳು ಊರಿನಲ್ಲಿಯೂ ಇರುತ್ತಾಳೆ. ಯಂತ್ರವೂ ಅವಳೊಡನೆ ಬಸ್ಸಿನಲ್ಲಿ ಓಡಾಡಬೇಕು. ಎರಕದ ಕಬ್ಬಿಣ, ಹತ್ತು ಕಿಲೋಗೆ ಮೇಲೆಯೇ ಇದೆ. ಗೋಣಿಯಲ್ಲಿ ಸುತ್ತಿ ಒಯ್ಯುವುದನ್ನು ನೋಡಲಾರದೆ ಆಚಾರ್ರನ್ನು ಕರೆಸಿದೆ.

ನನ್ನ ತಲೆಯಲ್ಲಿದ್ದ ಪೆಟ್ಟಿಗೆ ಬೇರೆ. ಮೈಸೂರಿನ ಅರಮನೆಯಲ್ಲಿ ಬೀಟೆಯ ಮರಕ್ಕೆ ದಂತ ಕೂರಿಸಿದ ಬಾಗಿಲನ್ನು ನೋಡಿದ್ದೆ. ದಂತದ ಮಾತು ಈಗ ಬೇಡ. ಮೈಸೂರಿನ ಕುಸುರಿಗಾರರು ಇಂದು ಬಣ್ಣಬಣ್ಣದ ಮರದ ಚೂರುಗಳಿಂದಲೇ ಆ ಕೆಲಸವನ್ನು ನಡೆಸುತ್ತಾರೆ. ಹಾಗೆ ಎರಡು ನವಿಲು, ನಡುವೆ ಒಂದು ಕಳಸ, ಕೆಳಗೆ ಅಮ್ಮನ ಹೆಸರು. ಕಾಗದದ ಮೇಲೆ ಬರೆದೂ ತೋರಿಸಿದೆ. ಆಚಾರ್ರು ನವಿಲುಗಳನ್ನು ಮರ್ಯಾದೆಯಿಂದ ನೋಡಿದರು.

"ಕೆತ್ತನೆ ಆಳ ಆದಷ್ಟೂ ಧೂಳು ಕೂರುತ್ತೆ ಮೇಷ್ಟ್ರೇ. ಎಣ್ಣೆ ಕೈಲಿ ಮುಟ್ಟೋ ಪೆಟ್ಟಿಗೆ. ಆರು ತಿಂಗಳಿಗೆ ನಿಮ್ಮ ನವಿಲು ಕಾಗೆ ಆಗುತ್ತೆ."

ನವಿಲು ಹೋಯಿತು. ಬಾಗಿದ ಮುಚ್ಚಳವೂ ಬೇಡವೆಂದರು. ನೇರ ಹಲಗೆಯ ಪೆಟ್ಟಿಗೆ. ಮೂಲೆಗಳಲ್ಲಿ ಹಲ್ಲಿಗೆ ಹಲ್ಲು ಕಚ್ಚುವ ಸಂದು. ಮೊಳೆ ಒಂದೂ ಇಲ್ಲ, ಏಕೆಂದರೆ ಮೊಳೆ ತುಕ್ಕು ಹಿಡಿದು ಮರವನ್ನೂ ಕೆಡಿಸುತ್ತದೆ. ಎಲ್ಲಕ್ಕಿಂತ ನನಗೆ ಹಿಡಿಸಿದ್ದು ಹಿಡಿಯ ವಿಚಾರ. ಹಳೆಯ ಮುಚ್ಚಳಗಳ ಹಿಡಿ ನೆತ್ತಿಯ ಮೇಲಿರುತ್ತಿತ್ತು. ಎತ್ತಿದಾಗ ಇಡೀ ಯಂತ್ರದ ಭಾರ ಒಂದು ನಾಲಗೆ, ಒಂದು ಬೀಗದ ಮೇಲೆ ಜೋತುಬೀಳುತ್ತಿತ್ತು. ಬೀಗ ಸರಿಯಾಗಿ ಕೂರದಿದ್ದರೆ ಮುಚ್ಚಳ ಕೈಯಲ್ಲಿ, ಯಂತ್ರ ಕಾಲಿನ ಮೇಲೆ. ಆಚಾರ್ರು ಹಿಡಿಯನ್ನು ಮುಚ್ಚಳದಿಂದ ತೆಗೆದು ಪೀಠದ ಎರಡು ಪಕ್ಕಕ್ಕೆ ಕೊಟ್ಟರು. ಭಾರ ಎಲ್ಲಿದೆಯೋ ಅಲ್ಲಿಯೇ ಕೈ. ಮುಚ್ಚಳದ ಕೆಲಸ ಮುಚ್ಚುವುದಷ್ಟೆ. ನೂರು ವರ್ಷ ಯಂತ್ರ ಮಾಡಿದವರಿಗೆ ಇದು ಏಕೆ ತೋಚಲಿಲ್ಲವೋ! ಪೀಠದ ಕೆಳಗೆ ರಬ್ಬರಿನ ನಾಲ್ಕು ಗುಬುಟು, ನೆಲದ ತೇವವೂ ಗೆದ್ದಲೂ ನೇರವಾಗಿ ಹತ್ತದಂತೆ. ಹಿಂಬದಿಯಲ್ಲಿ ಗಾಳಿಯಾಡಲು ಸಣ್ಣ ರಂಧ್ರಗಳ ಸಾಲು. ಒಳಗೆ ಮಕಮಲ್ಲಿನ ಅಸ್ತರಿ ಹಾಕಿಸಬೇಕೆಂದಿದ್ದೆ. ಬಟ್ಟೆ ತೇವವನ್ನು ಹಿಡಿದಿಡುತ್ತದೆಂದು ಅದನ್ನೂ ತಳ್ಳಿಹಾಕಿದರು. ಅಲ್ಲಿ ಅಮ್ಮ ಬಾಯಿ ಹಾಕಿ, ಬಟ್ಟೆ ಬೇಕಾದದ್ದು ಪಾದದ ಕೆಳಗೆ ಮಾತ್ರ, ಎಣ್ಣೆ ಸವರಿದ ಒಂದು ಚೂರು ಸಾಕು ಎಂದಳು. ಈ ಇಬ್ಬರ ನಡುವೆ ನಾನು ಅಳತೆಯ ಟೇಪು ಹಿಡಿದುಕೊಂಡು ನಿಂತಿದ್ದೆ. ಪೀಠ ಹದಿನಾಲ್ಕೂವರೆ ಅಂಗುಲ ಉದ್ದ, ಏಳು ಅಂಗುಲ ಅಗಲ. ಚಕ್ರಕ್ಕೂ ಕೈಹಿಡಿಗೂ ಹೊರಗೆ ಚಾಚುವಷ್ಟು ಜಾಗ ಬೇರೆ.

(ಕೇಂದ್ರ ಸರ್ಕಾರ 2023ರಲ್ಲಿ ಆರಂಭಿಸಿದ ವಿಶ್ವಕರ್ಮ ಯೋಜನೆಯ ಹದಿನೆಂಟು ಕಸುಬುಗಳಲ್ಲಿ ಬಡಗಿಯೂ ಇದ್ದಾನೆ, ದರ್ಜಿಯೂ ಇದ್ದಾನೆ, ಸಲಕರಣೆಗೆಂದು ತಲಾ 15,000 ರೂಪಾಯಿಯ ನೆರವುಂಟು. "ಇಬ್ಬರನ್ನೂ ಒಂದೇ ಪಟ್ಟಿಗೆ ಹಾಕವ್ರೆ, ಅದಕ್ಕೇ ನನ್ನ ಮಾತು ನಿಮ್ಮಮ್ಮಂಗೆ ತಿಳಿಯೋದು, ನಿಮಗೆ ತಿಳಿಯಲ್ಲ" ಎಂದು ಆಚಾರ್ರು ನಕ್ಕರು.)

ಮರ ಮನೆಯಲ್ಲಿಯೇ ಇತ್ತು. ಅವಿಭಕ್ತ ಕುಟುಂಬ ಒಡೆದು ಪಾಲಾದಾಗ ಹಳೆಯ ಮನೆಯ ಕಣಜದ ಕೋಣೆಯ ಬಾಗಿಲು ನಮ್ಮ ಪಾಲಿಗೆ ಬಂದಿತ್ತು. ಹಲಸಿನ ಮರ. ಕೀಸುಳಿ ಎರಡು ಸಲ ಓಡಾಡಿದೊಡನೆ ಹೊಗೆಯ ಕಪ್ಪಿನ ಕೆಳಗಿನಿಂದ ಅರಿಸಿನದ ಬಣ್ಣ ಎದ್ದಿತು. ವೀಣೆಗೆ ಆಗುವ ಮರ, ಹೊಲಿಗೆಯ ಯಂತ್ರಕ್ಕೂ ಆದೀತು.

ಮೂರನೆಯ ದಿನ ಆಚಾರ್ರು ಕೇಳಿದರು: "ಸುಮ್ನೆ ಕೊಂಡಿ ಸಾಕೇನಮ್ಮ, ಬೀಗ ಬೇಕಾ?"

"ಬೀಗ ಮೊದಲು ಮಾಡಿ ಆಚಾರ್ರೇ. ಪೆಟ್ಟಿಗೆ ಆಮೇಲೆ ಆದ್ರೂ ಆಯ್ತು."

ನಾನು ನಕ್ಕೆ. "ಈ ಕಾಲದಲ್ಲಿ ಅದನ್ನ ಯಾರು ಕದೀತಾರಮ್ಮ?"

"ಬೀಗ ಹಾಕೋದು ಕಳ್ಳರಿಗಲ್ಲ ಕಣೋ" ಎಂದು, ಮುಂದಿನದನ್ನು ಅವಳು ಆಚಾರ್ರಿಗೆ ಹೇಳಿದಳು, ನನಗಲ್ಲ. "ಆ ಮನೇಲಿ ಹದಿನಾರು ಜನ. ಕಣಜದ ಬೀಗದಕೈ ಅತ್ತೆ ಹತ್ರ. ಬೀರುದು ದೊಡ್ಡಕ್ಕನ ಹತ್ರ. ನನ್ನ ಹತ್ರ ಇದ್ದಿದ್ದು ಈ ಮಿಷನ್ನಿಂದು ಒಂದೇ. ಕೆಳಗೆ ಬಾಬಿನ್ ಇಡೋ ಗೂಡಿದೆಯಲ್ಲ, ಅದರಲ್ಲಿ ಮೂರು ವರ್ಷದ ಹೊಲಿಗೆ ದುಡ್ಡು ಇಟ್ಟಿದ್ದೆ. ಕಾಲಲ್ಲಿ ತುಳಿಯೋ ಮಿಷನ್ ತಗೊಂಡು ಕಡೂರಲ್ಲಿ ಬಸ್‌ಸ್ಟ್ಯಾಂಡ್ ಹತ್ರ ಒಂದು ಸಣ್ಣ ಅಂಗಡಿ ಇಡೋಣ ಅಂತ. ಇವರಪ್ಪಂಗೂ ಹೇಳಿರಲಿಲ್ಲ. ಮುಚ್ಚಳ ಹೋದ ವಾರವೇ ಯಾರೋ ದಾರ ಹುಡುಕೋಕೆ ಹೋಗಿ ನೋಡಿದ್ರು. ಮನೇಲಿ ಮದುವೆ ಇತ್ತು. ಕೇಳಿದ್ರು, ಕೊಟ್ಟೆ. ಕಾಣೋ ದುಡ್ಡನ್ನ ಇಲ್ಲ ಅನ್ನೋಕಾಗುತ್ತಾ?"

ಆಚಾರ್ರು ಹಲಗೆಯ ಮೇಲಿನ ಹೊಟ್ಟನ್ನು ಊದಿದರು. ಮುಚ್ಚಳವನ್ನು ದೋಣಿ ಮಾಡಿದವನು ಟೇಪು ಹಿಡಿದು ಪಕ್ಕದಲ್ಲಿಯೇ ನಿಂತಿದ್ದಾನೆಂಬುದು ಅಮ್ಮನ ನೆನಪಿನಲ್ಲಿರಲಿಲ್ಲವೋ, ಇದ್ದೂ ಬೇಡವಾಗಿತ್ತೋ, ನಾನರಿಯೆ. ನನಗೆ ಗೊತ್ತಿದ್ದುದು ಒಂದು ಮರದ ಮುಚ್ಚಳ ಹಾಳಾದ ಕಥೆ. ಇಪ್ಪತ್ತೇಳು ವರ್ಷ ಅದನ್ನು ನಗುವಿನ ಕಥೆಯಾಗಿ ಹೇಳಿಕೊಂಡು ಬಂದಿದ್ದೆ. ತರಗತಿಯಲ್ಲಿಯೂ ಒಂದೆರಡು ಸಲ ಹೇಳಿದ್ದುಂಟು. ನಾಯಿಮರಿಯ ಭಾಗಕ್ಕೆ ಹುಡುಗರು ಚೆನ್ನಾಗಿ ನಗುತ್ತಾರೆ.

ಮರುದಿನ ಬೀಗಕ್ಕಾಗಿ ಹೊರಟೆ. ಹಳೆಯ ಬೀಗವನ್ನು ಅಮ್ಮ ಟ್ರಂಕಿನ ತಳದಿಂದ ತೆಗೆದುಕೊಟ್ಟಳು. ಒಳಗಿನ ಸ್ಪ್ರಿಂಗು ಪುಡಿಯಾಗಿತ್ತು. ಕಡೂರಿನಲ್ಲಿ ಎರಡು ಅಂಗಡಿ, ಬೀರೂರಿನಲ್ಲಿ ಮೂರು. ತೆಳುಹಲಗೆಯ ಒಳಗೆ ಹುದುಗಿ ಕೂರುವ ಹಿತ್ತಾಳೆಯ ಬೀಗ ಕಡೆಗೆ ಒಂದು ಹಳೆಯ ಅಂಗಡಿಯ ಡಬ್ಬಿಯೊಳಗೆ ಸಿಕ್ಕಿತು. ಎರಡು ಕೀಲಿ. ಅಂಗಡಿಯವರು ಹೇಳಿದ ಬೆಲೆಗೆ ಚೌಕಾಸಿ ಮಾಡದೆ ಬಂದೆ.

ಅಲಂಕಾರದ ಪ್ರಶ್ನೆ ಉಳಿದಿತ್ತು. ಅಮ್ಮ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣವನ್ನು ತೆಗೆದುಕೊಂಡು ಮುಚ್ಚಳದ ಮೇಲೆ ಚುಕ್ಕಿಯಿಟ್ಟು, ಎಂದೂ ಬಾಗಿಲಿಗೆ ಹಾಕುವ ಒಂದು ಎಳೆಯ ರಂಗೋಲಿಯನ್ನು ಬರೆದಳು. ಎಲ್ಲಿ ಆರಂಭವಾಯಿತೋ ಅಲ್ಲಿಗೇ ಬಂದು ಸೇರುವ ಗೆರೆ. ಆಚಾರ್ರು ಕಿರುಉಳಿಯಿಂದ ಅದನ್ನು ಭತ್ತದ ಕಾಳಿನಷ್ಟೂ ಆಳವಿಲ್ಲದಂತೆ ಕೊರೆದರು. ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗನ್ನು ಬಟ್ಟೆಯ ಉಂಡೆಯಿಂದ ತೆಳುವಾಗಿ ಐದು ಸಲ, ಪ್ರತಿಸಲವೂ ಒಣಗಲು ಬಿಟ್ಟು, ಹಚ್ಚಿದರು. ಸಂಜೆಯ ಬಿಸಿಲಿಗೆ ಇಟ್ಟಾಗ ಪೆಟ್ಟಿಗೆ ಜೇನಿನಂತೆ ಹೊಳೆಯಿತು. ಸುಳ್ಳೇಕೆ, ನನ್ನ ನವಿಲುಗಳಿಗಿಂತ ಚೆನ್ನಾಗಿತ್ತು.

ಅಮ್ಮ ಯಂತ್ರವನ್ನು ಒಳಗಿಟ್ಟು, ಪಾದದ ಕೆಳಗೆ ಎಣ್ಣೆಬಟ್ಟೆಯನ್ನು ಸೇರಿಸಿ, ಮುಚ್ಚಳವನ್ನು ಹಾಕಿ, ಬೀಗವನ್ನು ತಿರುಗಿಸಿ, ತೆಗೆದು, ಮತ್ತೆ ತಿರುಗಿಸಿದಳು. ಒಂದು ಕೀಲಿಯನ್ನು ಕಡೂರಿನ ಮನೆಯಲ್ಲಿ ಇಟ್ಟಿರೋಣವೆಂದು ನಾನು ಕೈನೀಡಿದೆ.

"ಎರಡೂ ಇಲ್ಲಿ ಕೊಡು" ಎಂದಳು.

ಕಳೆದ ತಿಂಗಳು ಊರಿಗೆ ಹೋದಾಗ ಹಲಸಿನ ಪೆಟ್ಟಿಗೆ ಕಾಣಲಿಲ್ಲ. ಅದು ಇದ್ದ ಜಾಗದಲ್ಲಿ ಹಳೆಯ ಕೌದಿಯ ಟೊಪ್ಪಿಗೆ, ಪಕ್ಕಗಳಿಗೆ ಹೊಸ ತುಂಡುಗಳನ್ನು ಸೇರಿಸಿಕೊಂಡು ದೊಡ್ಡದಾಗಿ, ಗಂಭೀರವಾಗಿ ಕುಳಿತಿತ್ತು. "ಪಾಲಿಶ್ ಕೆಡುತ್ತೆ ಕಣೋ, ಅದಕ್ಕೇ" ಎಂದಳು ಅಮ್ಮ. ನೆಲ ಸಾರಿಸಬೇಕೆಂದು ಪೆಟ್ಟಿಗೆಯನ್ನು ಎತ್ತಿ ಪಕ್ಕಕ್ಕಿಡಲು ಹೇಳಿದಳು. ಎತ್ತಿದಾಗ ಕೆಳಗಿನ ಗೂಡಿನಲ್ಲಿ ಏನೋ ಸರಿದ ಸದ್ದಾಯಿತು. ಬಾಬಿನ್ ಇದ್ದರೂ ಇರಬಹುದು. ನಾನು ಕೇಳಲಿಲ್ಲ.