ಹಾಸಿಗೆ ಇದ್ದಷ್ಟು ಕಾಲು ಚಾಚು

ಈ ಗಾದೆಯನ್ನು ವಿಸ್ತರಿಸಿ ಬರೆಯಿರಿ ಎಂದು ಎಂಟನೆಯ ತರಗತಿಯವರಿಗೆ ಹೇಳಿದಾಗಲೆಲ್ಲ ಮಕ್ಕಳು ಮಿತವ್ಯಯದ ಮೇಲೆ ಒಂದೂವರೆ ಪುಟ ಬರೆದು ತರುತ್ತಿದ್ದರು. ದುಡಿಮೆಯಷ್ಟೇ ಖರ್ಚು, ಸಾಲ ಮಾಡಬಾರದು, ಇತ್ಯಾದಿ. ನಾನೂ ಹತ್ತಕ್ಕೆ ಏಳು ಅಂಕ ಕೊಟ್ಟು ಸುಮ್ಮನಾಗುತ್ತಿದ್ದೆ. ಆದರೆ ಹಾಸಿಗೆಯನ್ನು ಇಷ್ಟೇ ಉದ್ದಕ್ಕೆ ಕತ್ತರಿಸಿದವರು ಯಾರು ಎಂದು ಒಬ್ಬ ವಿದ್ಯಾರ್ಥಿಯೂ ಕೇಳಲಿಲ್ಲ. ವಿಮಾನದ ಸಾಮಾನ್ಯ ದರ್ಜೆಯಲ್ಲಿ ಒಮ್ಮೆ ಕುಳಿತವರಿಗೆ ಆ ಪ್ರಶ್ನೆ ಹೊಳೆಯದೆ ಇರದು.

ನಿಮ್ಮಲ್ಲಿ ಹಲವರು ತಿಂಗಳಿಗೆರಡು ಸಲ ವಿಮಾನ ಹತ್ತುವವರು; ನಾನು ಹೇಳುವುದು ನಿಮಗೆ ಹಳೆಯ ಸುದ್ದಿಯಾಗಿರಬಹುದು. ಊರಿನಲ್ಲಿರುವ ನಮ್ಮ ಬಂಧುಗಳಿಗಾಗಿ ಸ್ವಲ್ಪ ವಿವರಿಸುತ್ತೇನೆ. ಒಂದು ಆಸನದ ಬೆನ್ನಿನಿಂದ ಮುಂದಿನ ಆಸನದ ಬೆನ್ನಿನವರೆಗಿನ ಅಂತರವು ಕಡಿಮೆ ದರದ ವಿಮಾನಗಳಲ್ಲಿ ಸಾಮಾನ್ಯವಾಗಿ 28ರಿಂದ 30 ಇಂಚು. ಅದರಲ್ಲಿ ಆಸನದ ದಪ್ಪವನ್ನು ಕಳೆದರೆ ಮೊಣಕಾಲಿಗೆ ಉಳಿಯುವುದು ಎಷ್ಟೆಂಬುದನ್ನು ನೀವೇ ಲೆಕ್ಕ ಹಾಕಿ. ಆದರೆ ಎರಡು ಜಾಗಗಳಲ್ಲಿ ಮಾತ್ರ ಕಾಲು ಚಾಚಬಹುದು. ಒಂದು, ಮುಂದೆ ಬರೀ ಗೋಡೆಯಿರುವ ಮೊದಲ ಸಾಲು. ಇನ್ನೊಂದು, ರೆಕ್ಕೆಯ ಬಳಿ ತುರ್ತು ಬಾಗಿಲಿರುವ ಸಾಲು. ಈ ಸಾಲುಗಳನ್ನು ಕಂಪನಿಗಳು ಟಿಕೆಟ್ಟಿನ ಮೇಲೆ ಪ್ರತ್ಯೇಕ ಹಣ ಪಡೆದು ಮಾರುತ್ತವೆ. ಇದರಲ್ಲಿ ಕಳ್ಳತನವೇನೂ ಇಲ್ಲ. ಊಟ, ಹೆಚ್ಚಿನ ಸಾಮಾನು, ಇಷ್ಟದ ಆಸನ ಇವುಗಳಿಗೆ ಬೇರೆ ಶುಲ್ಕ ಪಡೆಯಲು ನಮ್ಮ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವೇ ಅವಕಾಶ ಕೊಟ್ಟಿದೆ. ಬೇಕಾದವರು ಕೊಳ್ಳಬಹುದು, ಬೇಡದವರು ಬಿಡಬಹುದು. ಬೇಡವೆನ್ನಲಾಗದವರ ಗತಿಯೇನು ಎಂಬುದೇ ನನ್ನ ಪ್ರಶ್ನೆ.

ಕೆಲವು ವರ್ಷಗಳ ಹಿಂದೆ ನನ್ನ ಮನೆಯವರಿಗೆ ಎಡ ಮೊಣಕಾಲಿನ ಶಸ್ತ್ರಚಿಕಿತ್ಸೆಯಾಯಿತು. ಕಾಲು ನೆಟ್ಟಗೆ ನಿಲ್ಲುತ್ತಿತ್ತು, ಮಡಿಸಲು ಬರುತ್ತಿರಲಿಲ್ಲ. ಆ ಸ್ಥಿತಿಯಲ್ಲೇ ಮಗಳ ಬಾಣಂತನಕ್ಕೆಂದು ದೆಹಲಿಗೆ ಹೋಗಬೇಕಾಯಿತು. ನಮ್ಮ ಕಡೆಯವರ ವಾಡಿಕೆಯಂತೆ ಹುಮನಾಬಾದಿನ ಮೇಲೆ ಹಾಯುವ 65ನೇ ರಾಷ್ಟ್ರೀಯ ಹೆದ್ದಾರಿ ಹಿಡಿದು ಹೈದರಾಬಾದಿಗೆ ಹೋಗಿ ವಿಮಾನ ಹತ್ತಿದೆವು. ಕೌಂಟರಿನಲ್ಲಿ ವೈದ್ಯರ ಚೀಟಿ ತೋರಿಸಿದೆವು. ಗಾಲಿಕುರ್ಚಿ ಕೊಟ್ಟರು, ಅದಕ್ಕೆ ಹಣ ಕೇಳಲಿಲ್ಲ, ಮರ್ಯಾದೆಯಿಂದಲೇ ಕರೆದೊಯ್ದರು. ಆದರೆ ಆಸನ ಹದಿನಾಲ್ಕನೆಯ ಸಾಲಿನಲ್ಲಿ. ಬಾಗಿಲು ಮುಚ್ಚಿದ ಮೇಲೆ ನೋಡಿದರೆ ಮೊದಲ ಸಾಲಿನಲ್ಲಿ ಎರಡು ಆಸನಗಳು ಖಾಲಿ. ಅಲ್ಲಿಗೆ ಹೋಗಬಹುದೇ ಎಂದು ಕೇಳಿದಾಗ ಗಗನಸಖಿ ಬಹಳ ನಯವಾಗಿ, ಅವು ಹಣ ಕೊಟ್ಟು ಪಡೆಯುವ ಆಸನಗಳು, ಕೊಡಲು ತನಗೆ ಅಧಿಕಾರವಿಲ್ಲ ಎಂದಳು. ಆ ಹುಡುಗಿಯ ಮೇಲೆ ನನಗೆ ಸಿಟ್ಟಿಲ್ಲ. ತನ್ನ ದಿಂಬನ್ನೇ ತಂದು ಮೊಣಕಾಲಿನ ಕೆಳಗಿಟ್ಟವಳು ಅವಳೇ. ಎರಡು ಗಂಟೆಗೂ ಮಿಕ್ಕ ಕಾಲ ಇವರು ಕಾಲನ್ನು ನಡುದಾರಿಗೆ ಚಾಚಿಕೊಂಡು, ಚಹಾದ ಗಾಡಿ ಬಂದಾಗಲೆಲ್ಲ ಎರಡೂ ಕೈಗಳಿಂದ ಎತ್ತಿ ಒಳಗೆಳೆದುಕೊಂಡು ಕುಳಿತರು. ಮುಂದಿನ ಆ ಎರಡು ಆಸನಗಳು ದೆಹಲಿಯವರೆಗೆ ಖಾಲಿಯಾಗಿಯೇ ಹೋದವು. ಹಣ ಕೊಟ್ಟು ಯಾರಾದರೂ ಅಲ್ಲಿ ಕುಳಿತಿದ್ದರೆ ನನಗಿಷ್ಟು ನೋವಾಗುತ್ತಿರಲಿಲ್ಲ.

ಯಾರು ಎಲ್ಲಿ ಕೂರಬೇಕೆಂಬುದನ್ನು ಮೂವತ್ತಕ್ಕೂ ಹೆಚ್ಚು ವರ್ಷ ನಿರ್ಧರಿಸಿದವನು ನಾನು. ಜೂನ್ ತಿಂಗಳ ಮೊದಲ ವಾರದ ಆ ಗದ್ದಲ ನಿಮಗೆ ನೆನಪಿರಬೇಕು. ಕಣ್ಣು ಮಂದವಿದ್ದವರು, ಕಿವಿ ಸ್ವಲ್ಪ ದೂರವಿದ್ದವರು ಮುಂದಿನ ಬೆಂಚಿಗೆ; ಉದ್ದನೆಯವರು ಹಿಂದಕ್ಕೆ; ಪೋಲಿಯೋ ಆದ ಹುಡುಗನಿಗೆ ಬಾಗಿಲ ಬಳಿಯ ತುದಿ, ಪಕ್ಕದಲ್ಲಿ ಅವನ ಚೀಲ ಹೊರುವ ಗೆಳೆಯ. ಯಾರ ತಂದೆ ಶಾಲೆಗೆ ಗಡಿಯಾರ ದಾನ ಮಾಡಿದ್ದಾರೆ ಎಂದು ನೋಡಿ ಬೆಂಚು ಕೊಟ್ಟ ನೆನಪು ನನಗಿಲ್ಲ. ಸರ್ಕಾರವೂ ಇದೇ ರೀತಿ ಯೋಚಿಸುತ್ತದೆ. ನಮ್ಮ ಕೆಂಪು ಬಸ್ಸುಗಳಲ್ಲಿ ಕಿಟಕಿಯ ಮೇಲೆ ಮಹಿಳೆಯರಿಗೆ, ಅಂಗವಿಕಲರಿಗೆ, ಹಿರಿಯ ನಾಗರಿಕರಿಗೆ ಎಂದು ಬಣ್ಣದಲ್ಲಿ ಬರೆದಿರುವುದನ್ನು ನೋಡುತ್ತಲೇ ಬೆಳೆದಿದ್ದೇವೆ. (ಶಾಸಕರಿಗೆ ಎಂದೂ ಬರೆದಿರುತ್ತಿತ್ತು; ಅದರಲ್ಲಿ ಕುಳಿತ ಶಾಸಕರನ್ನು ನಾನಂತೂ ಕಾಣಲಿಲ್ಲ.) 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದು ಮಹಿಳೆಯರಿಗೆ ಪ್ರಯಾಣ ಉಚಿತವಾದಾಗ, ಆ ಬಸ್ಸುಗಳಲ್ಲಿ ಅರ್ಧದಷ್ಟು ಆಸನಗಳನ್ನು ಪುರುಷರಿಗೆ ಕಾಯ್ದಿರಿಸಬೇಕಾಯಿತು. ಅಲ್ಲಿಯೂ ಜಾಗದ ಹಂಚಿಕೆಯ ಜಗಳವೇ. ರೈಲಿನಲ್ಲಿ 2020ರ ಮಾರ್ಚಿನಿಂದ ಹಿರಿಯರ ರಿಯಾಯಿತಿ ಹೋಯಿತು, ಆ ಬಗ್ಗೆ ನನ್ನ ದೂರು ಬೇರೆಯೇ ಇದೆ. ಆದರೂ ಕೆಳಗಿನ ಬರ್ತಿನಲ್ಲಿ ಹಿರಿಯರಿಗೆ, 45 ದಾಟಿದ ಮಹಿಳೆಯರಿಗೆ, ಗರ್ಭಿಣಿಯರಿಗೆ ಒಂದು ಪಾಲು ಉಳಿದಿದೆ, ಅದಕ್ಕೆ ಹೆಚ್ಚುವರಿ ಹಣವಿಲ್ಲ. ಮೇಲೆ ಹತ್ತಲಾಗದವರಿಗೆ ಕೆಳಗಿನ ಬರ್ತು ಸೌಕರ್ಯವಲ್ಲ, ಪ್ರಯಾಣವೇ ಅದು ಎಂಬುದನ್ನು ರೈಲ್ವೆಯವರು ಅರಿತಿದ್ದಾರೆ.

ವಿಮಾನದಲ್ಲಿ ಈ ತತ್ತ್ವ ಸಲ್ಲದೇ? ಬೇರೆ ದೇಶಗಳಲ್ಲಿ ಸಂದಿದೆ. ಅಮೆರಿಕದಲ್ಲಿ 1986ರ ಒಂದು ಕಾಯಿದೆಯನ್ನು ಅನುಸರಿಸಿದ ನಿಯಮಗಳ ಪ್ರಕಾರ, ಕಾಲು ಮಡಿಸಲಾಗದ ಪ್ರಯಾಣಿಕರಿಗೆ ಮುಂಗೋಡೆಯ ಸಾಲು ಅಥವಾ ಹೆಚ್ಚು ಕಾಲುಜಾಗವಿರುವ ಬೇರೆ ಆಸನವನ್ನು, ಅದೂ ಅವರ ಕಾಲಿಗೆ ಅನುಕೂಲವಾದ ಬದಿಯಲ್ಲೇ ಕೊಡತಕ್ಕದ್ದು. ನಿಯಮದಂತೆ ಕೊಡಲೇಬೇಕಾದ ಇಂಥ ಅನುಕೂಲಕ್ಕೆ ಹಣ ಪಡೆಯುವಂತಿಲ್ಲ. ಕೆನಡಾದಲ್ಲಿ 2008ರ ಜನವರಿಯಲ್ಲಿ ಅಲ್ಲಿಯ ಸಾರಿಗೆ ಪ್ರಾಧಿಕಾರವು, ಅಂಗವೈಕಲ್ಯದಿಂದಾಗಿ ಎರಡು ಆಸನ ಬೇಕಾದವರಿಂದ ದೇಶದೊಳಗಿನ ಪ್ರಯಾಣಕ್ಕೆ ಒಂದೇ ಟಿಕೆಟ್ಟಿನ ಹಣ ಪಡೆಯಬೇಕೆಂದು ದೊಡ್ಡ ಕಂಪನಿಗಳಿಗೆ ಆದೇಶಿಸಿತು. ಕಂಪನಿಗಳು ಅಲ್ಲಿನ ಸರ್ವೋಚ್ಚ ನ್ಯಾಯಾಲಯದವರೆಗೆ ಹೋದರೂ ಮನವಿ ಪುರಸ್ಕೃತವಾಗಲಿಲ್ಲ. ನಮ್ಮಲ್ಲಿಯೂ 2024ರ ಏಪ್ರಿಲಿನಲ್ಲಿ ಮಹಾನಿರ್ದೇಶನಾಲಯವು, 12 ವರ್ಷದೊಳಗಿನ ಮಕ್ಕಳನ್ನು ಜೊತೆಯಲ್ಲಿ ಹೊರಟ ತಂದೆ ಅಥವಾ ತಾಯಿಯ ಪಕ್ಕದಲ್ಲೇ ಕೂರಿಸಬೇಕೆಂದು ಹೇಳಿತು. ಅಂದರೆ ಇಷ್ಟದ ಆಸನವೆಲ್ಲವೂ ವಿಲಾಸವಲ್ಲ ಎಂದು ನಮ್ಮವರೂ ಒಪ್ಪಿದ್ದಾರೆ. ಮಗುವಿಗೆ ಒಪ್ಪಿದ್ದನ್ನು ಮೊಣಕಾಲಿಗೂ ಒಪ್ಪಬಹುದಲ್ಲ!

ತುರ್ತು ಬಾಗಿಲಿನ ಸಾಲಿನ ಮಾತು ಬೇರೆ. ಅಲ್ಲಿಯೂ ಕಾಲು ಚಾಚಬಹುದು ಎಂದು ತಂದೆತಾಯಿಗೆ ಅದನ್ನೇ ಕೊಳ್ಳಲು ಹೊರಟವರನ್ನು ಕಂಡಿದ್ದೇನೆ. ಅದು ವಿಶ್ರಾಂತಿಯ ಜಾಗವಲ್ಲ, ಕೆಲಸದ ಜಾಗ. ವಿಮಾನದ ಅರ್ಧದಷ್ಟು ಬಾಗಿಲುಗಳು ತೆರೆಯದಿದ್ದರೂ 90 ಸೆಕೆಂಡುಗಳಲ್ಲಿ ಎಲ್ಲರೂ ಹೊರಬರುವಂತಿರಬೇಕು ಎಂಬುದು ವಿಮಾನ ಕಟ್ಟುವವರಿಗಿರುವ ಷರತ್ತು. ಏರ್‌ಬಸ್ ಎ320 ಜಾತಿಯ ವಿಮಾನದಲ್ಲಿ ರೆಕ್ಕೆಯ ಮೇಲಿನ ಬಾಗಿಲು ಸುಮಾರು 15 ಕಿಲೋ ತೂಗುತ್ತದೆ, ಅದನ್ನು ಎತ್ತಿ ಹೊರಗೆಸೆಯಬೇಕಾದವರು ಪಕ್ಕದಲ್ಲಿ ಕುಳಿತ ಪ್ರಯಾಣಿಕರೇ. 2009ರ ಜನವರಿ 15ರಂದು ನ್ಯೂಯಾರ್ಕಿನ ಹಡ್ಸನ್ ನದಿಯ ಮೇಲೆ ಇಳಿದ ವಿಮಾನದ 155 ಮಂದಿಯೂ ಬದುಕಿದರು; ಆ ದಿನ ರೆಕ್ಕೆಯ ಬಾಗಿಲುಗಳನ್ನು ತೆರೆದವರು ಪ್ರಯಾಣಿಕರು. ಆದ್ದರಿಂದಲೇ ಮಕ್ಕಳನ್ನು, ಗರ್ಭಿಣಿಯರನ್ನು, ಅಶಕ್ತರನ್ನು ಅಲ್ಲಿ ಕೂರಿಸುವುದಿಲ್ಲ. 2025ರ ಜೂನ್ 12ರ ಅಹಮದಾಬಾದ್ ದುರಂತದಲ್ಲಿ ವಿಮಾನದಲ್ಲಿದ್ದ 242 ಮಂದಿಯಲ್ಲಿ ಬದುಕುಳಿದ ಒಬ್ಬರೇ ಒಬ್ಬರು ತುರ್ತು ಬಾಗಿಲ ಪಕ್ಕದ 11ಎ ಆಸನದಲ್ಲಿದ್ದರು. ಅದಾದ ಮೇಲೆ ಜನ ಆ ಸಂಖ್ಯೆಯ ಆಸನವನ್ನೇ ಕೇಳತೊಡಗಿದರೆಂದು ಪತ್ರಿಕೆಗಳಲ್ಲಿ ಓದಿದೆ. ವಿಮಾನದಿಂದ ವಿಮಾನಕ್ಕೆ ಆ ಸಂಖ್ಯೆಯ ಸ್ಥಳವೇ ಬೇರೆಯಾಗುತ್ತದೆ ಎಂಬುದನ್ನು ಯಾರಿಗೆ ಹೇಳುವುದು!

ಇಂಥ ಕರ್ತವ್ಯವಿರುವ ಆಸನಕ್ಕೆ ಹಣ ಪಡೆಯುವುದು ನನಗೆ ವಿಚಿತ್ರವಾಗಿ ಕಾಣುತ್ತದೆ. ಜಾತ್ರೆಯಲ್ಲಿ ಹಗ್ಗ ಹಿಡಿದು ಜನರನ್ನು ತಡೆಯುವ ಸ್ವಯಂಸೇವಕನಿಂದ ಟಿಕೆಟ್ಟಿನ ದುಡ್ಡು ವಸೂಲು ಮಾಡಿದಂತೆ ಅದು. ನಾನಾಗಿದ್ದರೆ ಆ ಸಾಲನ್ನು ಕೌಂಟರಿನಲ್ಲಿಯೇ, ಆಳನ್ನು ನೋಡಿ, ಎತ್ತರದ ಗಟ್ಟಿಮುಟ್ಟಾದವರಿಗೆ ಉಚಿತವಾಗಿ ಕೊಡುತ್ತಿದ್ದೆ. ನಮ್ಮ ಶಾಲೆಯ ಕಬಡ್ಡಿ ತಂಡದಲ್ಲಿದ್ದ, ಆರಡಿ ಮೂರಂಗುಲದ ಹುಡುಗನೊಬ್ಬ ಈಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. "ಸರ್, ಎತ್ತರ ನಾನು ಕೇಳಿ ಪಡೆದದ್ದಲ್ಲ, ಪ್ರತಿ ಸಲ ಅದಕ್ಕೇಕೆ ದಂಡ ಕಟ್ಟಬೇಕು?" ಎಂದು ಕೇಳಿದ. ಎತ್ತರವು ರೋಗವಲ್ಲಪ್ಪ, ಮೊದಲ ಸಾಲು ನಿನಗಿಲ್ಲ, ಬಾಗಿಲ ಬಳಿ ಕೂತು ಬಾಗಿಲು ಕಾಯಿ ಎಂದೆ. ಅವನು ಒಪ್ಪಿದ, ಕಂಪನಿಗಳು ಒಪ್ಪಬೇಕಷ್ಟೇ.

ಎದುರು ವಾದಗಳಿಲ್ಲದಿಲ್ಲ. ಆ ಹಣ ಬಾರದಿದ್ದರೆ ಎಲ್ಲರ ಟಿಕೆಟ್ಟೂ ತುಸು ಏರುತ್ತದೆ ಎನ್ನುತ್ತಾರೆ. ಏರಲಿ, ನೂರೈವತ್ತಕ್ಕೂ ಹೆಚ್ಚು ಜನರ ಮೇಲೆ ಹಂಚಿದರೆ ಅದು ಒಂದು ಚಹಾದ ಬೆಲೆಯೂ ಆಗಲಾರದೆಂದು ನನ್ನ ಅಂದಾಜು. ಎಲ್ಲರೂ ಸುಳ್ಳು ಚೀಟಿ ತರುತ್ತಾರೆ ಎಂಬುದು ಇನ್ನೊಂದು ವಾದ. ಇದನ್ನು ನಾನು ಹಗುರವಾಗಿ ತಳ್ಳಿಹಾಕುವಂತಿಲ್ಲ, ಏಕೆಂದರೆ ಪರೀಕ್ಷೆಯ ದಿನವೇ ಹೊಟ್ಟೆನೋವೆಂದು ನೀವು ತಂದ ಚೀಟಿಗಳನ್ನು ಮರೆತಿಲ್ಲ. ಒಬ್ಬನದಂತೂ ಅಜ್ಜಿ ವರ್ಷಕ್ಕೆರಡು ಸಲ ತೀರಿಕೊಳ್ಳುತ್ತಿದ್ದರು. ಹಾಗೆಂದು ನಿಜವಾಗಿ ಜ್ವರ ಬಂದವನನ್ನು ನಾನು ಬಿಸಿಲಲ್ಲಿ ನಿಲ್ಲಿಸಲಿಲ್ಲ. ಮೊದಲ ಸಾಲಿನ ಮೂರು ನಾಲ್ಕು ಆಸನಗಳನ್ನು ಕಾಲು ಮಡಿಸಲಾಗದವರಿಗೆ, ಎಳೆಗೂಸಿನ ತಾಯಂದಿರಿಗೆ ಹಿಂದಿನ ದಿನದವರೆಗೆ ಇಟ್ಟುಕೊಂಡು, ಯಾರೂ ಬಾರದಿದ್ದರೆ ಧಾರಾಳವಾಗಿ ಮಾರಿಕೊಳ್ಳಲಿ. ಮಾರಾಟವಾಗದೆ ಉಳಿದದ್ದನ್ನು, ಬಾಗಿಲು ಮುಚ್ಚಿದ ಮೇಲೆ, ಆ ದಿಂಬು ತಂದ ಹುಡುಗಿಯ ವಿವೇಕಕ್ಕೆ ಬಿಡಲಿ.

ಇದು ದೊಡ್ಡ ಊರುಗಳವರ ಚಿಂತೆ ಎಂದು ನೀವು ನಗಬಹುದು. ಆದರೆ 2019ರ ನವೆಂಬರಿನಲ್ಲಿ ಕಲಬುರಗಿಯಲ್ಲಿ, 2020ರ ಫೆಬ್ರುವರಿಯಲ್ಲಿ ಬೀದರಿನಲ್ಲಿ ನಾಗರಿಕ ವಿಮಾನ ಬಂತು; ಬೀದರಿನದು ನಡುವೆ ನಿಂತು 2025ರ ಏಪ್ರಿಲಿನಲ್ಲಿ ಪುನಃ ಹಾರಿತು. ಹುಡಗಿಯಿಂದ ಟಂಟಂ ಹತ್ತಿ ಸಂತೆಗೆ ಹೋಗುತ್ತಿದ್ದ ನನ್ನ ವಯಸ್ಸಿನವರು ಈಗ ಮೊಮ್ಮಕ್ಕಳನ್ನು ನೋಡಲು ವಿಮಾನ ಹತ್ತುತ್ತಿದ್ದಾರೆ. ಅವರ ಮೊಣಕಾಲುಗಳು ಹೊಲದಲ್ಲಿ ಸವೆದಂಥವು.

ನಿಯಮ ಬದಲಾಗುವವರೆಗೆ, ಹಿರಿಯರಿಗೆ ಟಿಕೆಟ್ ತೆಗೆಸುವ ನೀವು ಇಷ್ಟು ಮಾಡಿ. ಕಂಪನಿಗೆ 48 ಗಂಟೆ ಮೊದಲೇ ಫೋನು ಮಾಡಿ, ಗಾಲಿಕುರ್ಚಿಯ ಜೊತೆಗೆ ಆಸನದ ವಿಷಯವನ್ನೂ ಹೇಳಿ, ವೈದ್ಯರ ಚೀಟಿ ಕೈಯಲ್ಲಿರಲಿ. ತುರ್ತು ಬಾಗಿಲಿನ ಸಾಲನ್ನು ಕೇಳಬೇಡಿ. ಮೊದಲ ಸಾಲು ಸಿಗದಿದ್ದರೆ ನಡುದಾರಿಯ ಪಕ್ಕದ್ದನ್ನಾದರೂ ಪಡೆಯಿರಿ, ಅದರಲ್ಲಿಯೂ ಬದಿ ನೋಡಿ: ಮೂರು ಮೂರು ಆಸನಗಳ ವಿಮಾನದಲ್ಲಿ ಎಡಗಾಲು ಚಾಚಬೇಕಾದವರಿಗೆ ಡಿ, ಬಲಗಾಲು ಚಾಚಬೇಕಾದವರಿಗೆ ಸಿ.