ಹೆದರಿಕೆಗೆ ಎಷ್ಟು ಅಂಕ?

ಸಾಗರದ ಮಳೆ. ರಾತ್ರಿ ಹತ್ತೂಕಾಲು. ಕರೆಂಟ್ ಹೋಗಿ ಅರ್ಧ ಗಂಟೆ ಆಯಿತು. ಸ್ಟೂಲ್ ಎಳೆದುಕೊಂಡು ಇಲ್ಲೇ ಕೂತುಕೊಳ್ಳಿ. ಆ ಮೂಲೆ ಬೇಡ, ಹೆಂಚಿನ ಸಂದಿಯಿಂದ ಹನಿ ಬೀಳುತ್ತದೆ. ಎದುರಿಗಿರುವವಳು ನನ್ನ ಅಕ್ಕ. ಚಾರ್ಜರ್ ಲೈಟಿನ ಬೆಳಕಿನಲ್ಲಿ ಅವಳ ಕೈ ನೋಡಿ. ಮೊಬೈಲನ್ನು ಅಂಗಾತ ಇಡುತ್ತಾಳೆ, ಬೋರಲು ಹಾಕುತ್ತಾಳೆ, ಮತ್ತೆ ಅಂಗಾತ. ಬೆಂಗಳೂರಿನಲ್ಲಿರುವ ಮಗನಿಗೆ ಎಂಟು ಗಂಟೆಯಿಂದ ಮೂರು ಸಲ ಫೋನ್ ಮಾಡಿದ್ದಾಳೆ. ರಿಂಗ್ ಆಗುತ್ತದೆ, ಎತ್ತುತ್ತಿಲ್ಲ.

"ಏನೋ ಆಗಿದೆ ಕಣೇ ಅವನಿಗೆ."

ಎರಡು ವರ್ಷದ ಹಿಂದಾಗಿದ್ದರೆ ಈ ಒಂದು ಮಾತಿನಿಂದ ಮನೆಯ ನಿದ್ದೆಯೆಲ್ಲ ಹಾರಿಹೋಗುತ್ತಿತ್ತು. ಅವನ ರೂಮಿನವನಿಗೆ ಫೋನ್, ಆಫೀಸಿಗೆ ಫೋನ್, ಅಂಗೈಯೆಲ್ಲ ಬೆವರು, ಬೆಳಗಿನ ತನಕ ಜಗಲಿಯಲ್ಲಿ ನಡಿಗೆ. ಮೂವತ್ತನಾಲ್ಕು ವರ್ಷ ಪ್ರಾಥಮಿಕ ಶಾಲೆಯಲ್ಲಿ ಕನ್ನಡ ಕಲಿಸಿದವಳು ನಿವೃತ್ತಿಯಾದ ಮೇಲೆ ಹೀಗಾದಳು. ಚಿಂತೆಗೂ ಚಿತೆಗೂ ನಡುವೆ ಇರುವುದು ಒಂದೇ ಒಂದು ಸೊನ್ನೆ ಅಂತ ಮಕ್ಕಳಿಗೆ ಬೋರ್ಡಿನ ಮೇಲೆ ಬರೆದು ತೋರಿಸುತ್ತಿದ್ದವಳು.

ಆಗ ನಾವೆಲ್ಲ ಹೇಳುತ್ತಿದ್ದದ್ದು ಒಂದೇ: "ತಲೆ ಕೆಡಿಸ್ಕೋಬೇಡ, ಅದನ್ನೇ ಯೋಚನೆ ಮಾಡಬೇಡ." ಪ್ರೀತಿಯಿಂದಲೇ ಹೇಳುತ್ತಿದ್ದೆವು. ಆದರೆ ಆ ಮಾತು ಎಷ್ಟು ನಿರುಪಯೋಗಿ ಅನ್ನುವುದು ನನಗೆ ತಡವಾಗಿ ತಿಳಿಯಿತು. ಡೇನಿಯಲ್ ವೆಗ್ನರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ ಮತ್ತು ಅವರ ಜೊತೆಗಾರರು 1987ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ಐದು ನಿಮಿಷ ಬಿಳಿ ಕರಡಿಯನ್ನು ನೆನೆಯಬೇಡಿ, ನೆನಪಾದರೆ ಗಂಟೆ ಬಾರಿಸಿ ಅಂತ ವಿದ್ಯಾರ್ಥಿಗಳಿಗೆ ಹೇಳಿದ್ದರು. ಗಂಟೆ ಮೊಳಗುತ್ತಲೇ ಇತ್ತು. ಆಮೇಲೆ ನೆನೆಯಬಹುದು ಅಂದಾಗ, ಮೊದಲಿನಿಂದಲೂ ನೆನೆಯಲು ಬಿಟ್ಟವರಿಗಿಂತ ಇವರಿಗೇ ಕರಡಿ ಹೆಚ್ಚು ಕಾಡಿತು. ಅಕ್ಕನ ತಲೆಯೊಳಕ್ಕೆ ಎಷ್ಟು ಕರಡಿ ಬಿಟ್ಟೆವೋ ನಾವು!

ಕೊನೆಗೆ ಒಂದು ರಾತ್ರಿ ತಡೆಯಲಾರದೆ ನಾನೇ 14416ಕ್ಕೆ ಫೋನ್ ಮಾಡಿದೆ. ಟೆಲಿ-ಮಾನಸ್ ಅಂತ, 2022ರ ಅಕ್ಟೋಬರ್ 10ರಂದು ಸರ್ಕಾರ ಶುರು ಮಾಡಿದ ಉಚಿತ ಸಹಾಯವಾಣಿ. ಕನ್ನಡದಲ್ಲೇ ಮಾತಾಡಿದರು, ಅವಸರ ಮಾಡಲಿಲ್ಲ. ಅಲ್ಲಿಂದ ಶಿವಮೊಗ್ಗದ ಡಾಕ್ಟರ ಹತ್ತಿರ. ಅವರು ಮಾತ್ರೆ ಬರೆದರು, ಈಗಲೂ ತೆಗೆದುಕೊಳ್ಳುತ್ತಾಳೆ. ಆಪ್ತಸಮಾಲೋಚಕಿ ಮಾತ್ರ ಬರೆಯುವ ಕೆಲಸವನ್ನು ಅಕ್ಕನಿಗೇ ಕೊಟ್ಟರು.

ನೋಡಿ, ಈಗ ಆ ಪುಸ್ತಕ ತೆಗೆದಳು. ಇನ್ನೂರು ಪುಟದ ಉದ್ದ ನೋಟ್‌ಬುಕ್ಕು. ಸ್ಕೇಲ್ ಇಟ್ಟು ಗೆರೆ ಎಳೆದು ಆರು ಅಂಕಣ ಮಾಡಿದ್ದಾಳೆ: ಏನಾಯಿತು, ಏನನ್ನಿಸಿತು, ಎಷ್ಟು ಸಂಕಟ, ಹೌದೆನ್ನಲು ಸಾಕ್ಷಿ, ಅಲ್ಲವೆನ್ನಲು ಸಾಕ್ಷಿ, ಈಗ ಎಷ್ಟು.

ಮೊದಲಿನದು ಸಲೀಸು. 'ಮೂರು ಸಲ ಫೋನ್, ಎತ್ತಲಿಲ್ಲ.' ಎರಡನೆಯದರಲ್ಲಿ ಪೆನ್ನು ಒತ್ತಿ ಬರೆಯುತ್ತಾಳೆ: 'ಬೈಕಿನಿಂದ ಬಿದ್ದಿದ್ದಾನೆ.' ಸಂಕಟಕ್ಕೆ ಅಂಕ ಹಾಕಬೇಕು. ಅವಳಿಗೆ ಅದು ರೂಢಿ. ನೂರಕ್ಕೆ 90.

ಈ ಗೆರೆಗಳ ಬೇರು ಫಿಲಡೆಲ್ಫಿಯಾದಲ್ಲಿದೆ. ಆರನ್ ಬೆಕ್ ಎಂಬ ಮನೋವೈದ್ಯರು 1960ರ ದಶಕದಲ್ಲಿ ಅಲ್ಲಿ ಖಿನ್ನತೆಯವರ ಮಾತು ಕೇಳುತ್ತಿದ್ದಾಗ ಗಮನಿಸಿದ್ದು ಇಷ್ಟು: ಬಾಯಲ್ಲಿ ಒಂದು ಮಾತು ನಡೆಯುತ್ತಿರುವಾಗಲೇ ಒಳಗೆ ಇನ್ನೊಂದು ಮಾತು ತಾನಾಗಿ ಓಡುತ್ತಿರುತ್ತದೆ, ಆಡಿದವರಿಗೇ ಅದು ಸರಿಯಾಗಿ ಕೇಳಿಸಿರುವುದಿಲ್ಲ, ಆದರೆ ಸಂಕಟ ಹುಟ್ಟುವುದು ಅದರಿಂದಲೇ. ಅದನ್ನು ಹಿಡಿದು, ಎದುರಿಗಿಟ್ಟು, ನಿಜವೇ ಅಂತ ಕೇಳುವ ಚಿಕಿತ್ಸೆಯನ್ನು ಅವರು ಕಟ್ಟಿದರು. ನೂರು ವರ್ಷ ಬದುಕಿ 2021ರಲ್ಲಿ ತೀರಿಕೊಂಡರು. ಅವರು ಹೇಳಿದ್ದು 'ಒಳ್ಳೆಯದನ್ನೇ ಯೋಚಿಸಿ' ಅಂತ ಅಲ್ಲ. ವೇದಿಕೆಗಳ ಮೇಲೆ ಹಾಗೆ ಉಪದೇಶ ಮಾಡುವವರನ್ನು ಕೇಳಿದಾಗಲೆಲ್ಲ ನನಗೆ ಅಕ್ಕನ ಆ ರಾತ್ರಿಗಳು ನೆನಪಾಗಿ ಕಷ್ಟವಾಗುತ್ತದೆ. ಕುಗ್ಗಿದವರಿಗೆ ಅದು ಇನ್ನೊಂದು ಸೋಲು, ಅಷ್ಟೆ.

"ಹೌದೆನ್ನಲು ಸಾಕ್ಷಿ ಏನಿದೆ ಅಕ್ಕ?"

"ಎತ್ತಲಿಲ್ಲವಲ್ಲ."

"ಇನ್ನೇನು?"

ಯೋಚಿಸುತ್ತಾಳೆ. ಮಳೆ ಜೋರಾಗಿ ಬಂದು ಹೋಯಿತು. ಐದನೆಯ ಅಂಕಣಕ್ಕೆ ಪೆನ್ನು ಹೋಯಿತು. 'ಫೋನ್ ಸ್ವಿಚ್ ಆಫ್ ಆಗಿಲ್ಲ. ಹೋದ ತಿಂಗಳು ಎರಡು ಸಲ ಹೀಗೇ ಆಗಿತ್ತು, ಸೈಲೆಂಟಿನಲ್ಲಿತ್ತು. ಈ ವಾರ ರಾತ್ರಿ ಕೆಲಸ ಇದೆ ಅಂದಿದ್ದ. ರೂಮಿನವನ ಹತ್ತಿರ ನನ್ನ ನಂಬರ್ ಇದೆ, ಅವನು ಫೋನ್ ಮಾಡಿಲ್ಲ.' ದುಂಡಗಿನ ಅಕ್ಷರ, ಒತ್ತಕ್ಷರ ಒಂದೂ ತಪ್ಪಿಲ್ಲ.

ಇಲ್ಲಿಗೆ ಮುಗಿಯಿತು ಅಂದುಕೊಂಡಿರಾ? ನಾನೂ ಮೊದಮೊದಲು ಹಾಗೇ ಅಂದುಕೊಳ್ಳುತ್ತಿದ್ದೆ. ಪೆನ್ನು ಇನ್ನೂ ಕೆಳಗಿಟ್ಟಿಲ್ಲ. ಸಮಾಲೋಚಕಿ ಒಂದು ಪ್ರಶ್ನೆ ಕಲಿಸಿದ್ದಾರೆ: ಅದು ನಿಜವೇ ಅಂತಿಟ್ಟುಕೋ, ಹಾಗಾದರೆ ಏನು? ಸೈಲೆಂಟಿನಲ್ಲಿದ್ದರೆ, ಹಾಗಾದರೆ ಏನು? ನೋಡಿದ್ದಾನೆ, ಆಮೇಲೆ ಮಾಡಿದರಾಯಿತು ಅಂದುಕೊಂಡಿದ್ದಾನೆ. ಹಾಗಾದರೆ ಏನು?

ಅವಳು ಬರೆಯುವುದನ್ನು ನಾನು ತಲೆಕೆಳಗಾಗಿ ಓದುತ್ತೇನೆ. 'ಅವನಿಗೆ ನಾನು ಬೇಡ.' ಅದರ ಕೆಳಗೆ, ಸಣ್ಣಕ್ಷರದಲ್ಲಿ, 'ಯಾರಿಗೂ ಬೇಡ.'

ಬೈಕು, ಮಳೆ, ರಸ್ತೆ ಎಲ್ಲ ಇದರ ಮೇಲಿನ ಮುಚ್ಚಳ. ಶಾಲೆಯ ಕೊನೆಯ ದಿನ ಶಾಲು, ಹಾರ, ಹಣ್ಣಿನ ಬುಟ್ಟಿ ಹಿಡಿದು ಬಂದವಳು ಮರುದಿನ ಬೆಳಿಗ್ಗೆ ಎಂಟಕ್ಕೇ ಸೀರೆ ಉಟ್ಟು, ಹೋಗಲು ಜಾಗವಿಲ್ಲದೆ ಇದೇ ಅಡುಗೆಮನೆಯಲ್ಲಿ ನಿಂತಿದ್ದನ್ನು ನಾನು ಕಂಡಿದ್ದೇನೆ. ಆ ಮಾತು ಅಂದಿನಿಂದ ಒಳಗೆ ಓಡುತ್ತಿತ್ತು. ಅದನ್ನು ಅವಳು ಮೊದಲ ಸಲ ಕಾಗದದ ಮೇಲೆ ಬರೆಯಲು ಐದು ತಿಂಗಳು ಹಿಡಿಯಿತು.

'ಯಾರಿಗೂ' ಅನ್ನುವುದರ ಕೆಳಗೆ ಗೆರೆ ಎಳೆದಳು. ಇದೂ ಅಭ್ಯಾಸ. ಯಾರಿಗೂ, ಯಾವಾಗಲೂ, ಎಂದಿಗೂ, ಎಲ್ಲವೂ: ಈ ಪದ ಬಂದರೆ ನಿಂತು ನೋಡಬೇಕು. ಗೆರೆ ಎಳೆದ ಮೇಲೆ ಬಹಳ ಹೊತ್ತು ಏನೂ ಬರೆಯಲಿಲ್ಲ. ನಾನು ಜೀರಿಗೆ ಕಷಾಯ ಕಾಸಿ ಲೋಟಕ್ಕೆ ಸುರಿದೆ. ನನಗೆ ಹೇಳಬೇಕೆನ್ನಿಸುತ್ತದೆ, ನಾನಿದ್ದೇನಲ್ಲೇ ಅಂತ. ಹೇಳುವುದಿಲ್ಲ. ಸಾಕ್ಷಿ ಅವಳದೇ ಆಗಿರಬೇಕು.

"ಭಾನುವಾರ," ಅಂದಳು. "ಸಾರಿಗೆ ಹುಣಸೆಹಣ್ಣು ಎಷ್ಟು ಹಾಕಬೇಕು ಅಂತ ಕೇಳಲು ಫೋನ್ ಮಾಡಿದ್ದ."

"ಬರಿ."

"ಇಷ್ಟು ಸಣ್ಣದನ್ನ?"

"ಬರಿ ಅಕ್ಕ."

ಬರೆದಳು. ಪಕ್ಕದ ಮನೆಯ ಹುಡುಗ ಕಾಗುಣಿತ ಹೇಳಿಸಿಕೊಳ್ಳಲು ಬರುವುದನ್ನೂ ಬರೆದಳು. ಕೊನೆಯ ಅಂಕಣದಲ್ಲಿ 50 ಹಾಕಿ, ಸ್ವಲ್ಪ ನೋಡಿ, ಹೊಡೆದು, 55 ಮಾಡಿದಳು. ಸೊನ್ನೆ ಬರುವ ರಾತ್ರಿಗಳು ಇಲ್ಲ. ಆದರೆ ಐವತ್ತೈದರಲ್ಲಿ ಮನುಷ್ಯರು ಮಲಗಬಹುದು. ತೊಂಬತ್ತರಲ್ಲಿ ಆಗುವುದಿಲ್ಲ.

ಒಂದೇ ಒಂದು ಮೆಸೇಜ್ ಹಾಕಿದಳು: 'ಬಿಡುವಾದಾಗ ಫೋನ್ ಮಾಡು.' ಮೊಬೈಲನ್ನು ಸಾಂಬಾರ ಡಬ್ಬದ ಪಕ್ಕ ಇಟ್ಟಳು. ಕೋಣೆಗೆ ಅದನ್ನು ಒಯ್ಯದಿರುವುದು ಅವಳೇ ಮಾಡಿಕೊಂಡ ನಿಯಮ.

ಹನ್ನೆರಡು ದಾಟಿದೆ. ನೀರು ಕುಡಿಯಲು ಎದ್ದಿದ್ದೇನೆ. ಸಾಂಬಾರ ಡಬ್ಬದ ಪಕ್ಕ ಫೋನು ಬೋರಲಾಗಿದೆ, ಅಂಚಿನಲ್ಲಿ ಬೆಳಕು ಬಂದು ಆರಿತೋ, ನನ್ನ ಭ್ರಮೆಯೋ. ಕೈ ಅತ್ತ ಹೋಯಿತು. ಒಳಗಿನಿಂದ ಅಕ್ಕನ ಗೊರಕೆ ಕೇಳಿಸುತ್ತಿತ್ತು. ಲೋಟ ತೊಳೆದು ಬೋರಲು ಹಾಕಿ ಹೋಗಿ ಮಲಗಿದೆ.